ಟೋಪಿಗಾಗಿ ತಲೆ ಕೆತ್ತುವುದು

ಕಳೆದ ವಾರ ನನ್ನ ತಂಗಿಯ ಮೊಮ್ಮಗಳು ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದಳು. ಅವಳ ಮದುವೆ ನಿಶ್ಚಯವಾಗಿದೆ. ಮೇಲಿನ ನಾಲ್ಕು ಬಾಚಿಹಲ್ಲುಗಳು ತುಸು ಹಳದಿ, ಅವುಗಳಲ್ಲೊಂದು ಓರೆ. ನಾಲ್ಕಕ್ಕೂ ಪಿಂಗಾಣಿಯ ಕ್ಯಾಪ್ ಹಾಕಿಸಿಬಿಟ್ಟರೆ ಎರಡೇ ವಾರದಲ್ಲಿ ಎಲ್ಲವೂ ಸರಿಹೋಗುತ್ತದೆಂದು ಯಾರೋ ಹೇಳಿದ್ದಾರಂತೆ. "ಅಜ್ಜ, ನಿಮಗೂ ಹಾಕಿದ್ದಾರಲ್ಲ, ತುಂಬಾ ನೋಯುತ್ತದೆಯೇ?" ಎಂದಳು. ಇಲ್ಲ, ಮರಗಟ್ಟಿಸುವ ಚುಚ್ಚುಮದ್ದು ಕೊಡುತ್ತಾರೆ ಎಂದೆ. ಅವಳು ಕೇಳಬೇಕಾಗಿದ್ದ ಪ್ರಶ್ನೆ ಅದಲ್ಲವೆಂದು ಫೋನ್ ಇಟ್ಟ ಮೇಲೆ ಅನ್ನಿಸಿತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಐವತ್ತು ದಾಟಿ ದಂತವೈದ್ಯರ ಕುರ್ಚಿಗೆ ಒರಗುವ ವಯಸ್ಸಿಗೆ ಬಂದಿರುವುದರಿಂದ ಎಲ್ಲರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ.

ಕ್ಯಾಪ್ ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಟೋಪಿ ಹಾಕಿಕೊಳ್ಳಲು ಯಾರೂ ತಲೆಯನ್ನು ಕೆತ್ತಿಸಿಕೊಳ್ಳುವುದಿಲ್ಲ. ಹಲ್ಲಿನ ಟೋಪಿಗೆ ಮಾತ್ರ ಮೊದಲು ತಲೆಯನ್ನೇ ಕೆತ್ತಬೇಕು. (ಟೋಪಿ ಹಾಕುವುದಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥವಿದೆ, ಅದನ್ನು ಇಲ್ಲಿಗೆ ಎಳೆದು ತರುವುದಿಲ್ಲ.)

ಗಣಿತದ ಮೇಷ್ಟರಾದ್ದರಿಂದ ಲೆಕ್ಕ ಹೇಳಿಬಿಡುತ್ತೇನೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಲೋಹ-ಪಿಂಗಾಣಿ ಕ್ರೌನ್‌ನ ಒಳಗೆ 0.3ರಿಂದ 0.5 ಮಿಲಿಮೀಟರ್ ದಪ್ಪದ ಲೋಹದ ಕವಚವಿರುತ್ತದೆ. ಲೋಹದ ಕಪ್ಪು ಹೊರಗೆ ಕಾಣದಂತೆ ಅದರ ಮೇಲೆ ಬೆಳಕು ಹಾಯದ ಒಂದು ಲೇಪ. ಅದರ ಮೇಲೆ ನಿಜವಾದ ಹಲ್ಲಿನಂತೆ ತೋರುವ ಪಿಂಗಾಣಿ, ಸುಮಾರು ಒಂದು ಮಿಲಿಮೀಟರ್. ಇಷ್ಟಕ್ಕೂ ಜಾಗ ಎಲ್ಲಿಂದ ಬರಬೇಕು? ಹಲ್ಲಿನಿಂದಲೇ. ಆದ್ದರಿಂದ ಬಾಚಿಹಲ್ಲಿನ ಮುಂಭಾಗದಲ್ಲಿ 1.2ರಿಂದ 1.5 ಮಿಲಿಮೀಟರ್, ಕಚ್ಚುವ ಅಂಚಿನಲ್ಲಿ ಸುಮಾರು 2 ಮಿಲಿಮೀಟರ್ ತೇಯಬೇಕಾಗುತ್ತದೆ. ಆ ಹಲ್ಲಿನ ಮುಂಭಾಗದ ಎನಾಮೆಲ್ ದಪ್ಪವೇ ಹೆಚ್ಚುಕಡಿಮೆ ಒಂದು ಮಿಲಿಮೀಟರ್! ಅಂದರೆ ಎನಾಮೆಲ್ ಪೂರ್ತಿ ಹೋಗಿ, ಅದರ ಕೆಳಗಿನ ಡೆಂಟಿನ್ ಕೂಡ ಒಂದಿಷ್ಟು ಹೋಗುತ್ತದೆ. ಎನಾಮೆಲ್ ಕಟ್ಟುವ ಜೀವಕೋಶಗಳು ಹಲ್ಲು ಒಸಡಿನಿಂದ ಹೊರಬರುವ ಹೊತ್ತಿಗೇ ನಶಿಸಿಹೋಗಿರುತ್ತವೆ. ತೇಯ್ದದ್ದು ಮತ್ತೆ ಬೆಳೆಯುವುದಿಲ್ಲ. ಮುಂಭಾಗದ ಹಲ್ಲುಗಳ ಬಗ್ಗೆ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೂಕ ಹಾಕಿಯೇ ನೋಡಿದ್ದಾರೆ: ಪೂರ್ಣ ಕ್ರೌನ್‌ಗೆ ಹಲ್ಲಿನ ಹೊರಗೆ ಕಾಣುವ ಭಾಗದ ಶೇಕಡಾ 63ರಿಂದ 72ರಷ್ಟು ಹೋಗುತ್ತದೆ. ಮುಂಭಾಗಕ್ಕಷ್ಟೇ ಅಂಟಿಸುವ ತೆಳುವಾದ ಪಿಂಗಾಣಿ ಚಿಪ್ಪಿನಂಥ ವಿಧಾನಗಳಿಗೆ ಶೇಕಡಾ 3ರಿಂದ 30.

ಇದರಲ್ಲಿ ವೈದ್ಯರ ತಪ್ಪೇನೂ ಇಲ್ಲ. ಕಡಿಮೆ ತೇಯ್ದರೆ ಕ್ರೌನ್ ಉಬ್ಬಿಕೊಂಡು, ಸೀಮೆಸುಣ್ಣದಂತೆ ಬೆಳ್ಳಗೆ ಕಾಣುತ್ತದೆ, ಒಸಡು ಊದಿಕೊಳ್ಳುತ್ತದೆ. ಸರಿಯಾಗಿ ತೇಯುವುದು ಸುಲಭದ ಕೆಲಸವೂ ಅಲ್ಲ. ಹತ್ತನೆಯ ತರಗತಿಯಲ್ಲಿ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಶಂಕುವಿನ ಭಿನ್ನಕ ನೆನಪಿದೆಯೇ? ನಿಮ್ಮಲ್ಲಿ ಅರ್ಧ ಜನ ಆಗ ಕಿಟಕಿಯಾಚೆ ನೋಡುತ್ತಿದ್ದಿರಿ. ಬೋರಲು ಹಾಕಿದ ಲೋಟದ ಮೇಲೆ ಇನ್ನೊಂದು ಲೋಟ ಕೂರುವಂತೆ ಹಲ್ಲಿನ ಗೋಡೆಗಳು ಕೆಲವೇ ಡಿಗ್ರಿಗಳಷ್ಟು ಒಳಕ್ಕೆ ವಾಲಬೇಕು. ಹೆಚ್ಚು ವಾಲಿದರೆ ಕ್ಯಾಪ್ ಕಳಚಿಬರುತ್ತದೆ; ವಾಲದಿದ್ದರೆ ಕೂರುವುದೇ ಇಲ್ಲ. ನಿಮಿಷಕ್ಕೆ ಮೂರು ನಾಲ್ಕು ಲಕ್ಷ ಸುತ್ತು ತಿರುಗುವ ಯಂತ್ರವನ್ನು ಹಿಡಿದು, ನಾಲಿಗೆಯೂ ಎಂಜಲೂ ಇರುವ ಕತ್ತಲೆಯಲ್ಲಿ ಇದನ್ನು ಸಾಧಿಸುವವರ ಕೈಗೆ ನನ್ನ ನಮಸ್ಕಾರ.

ನನ್ನ ತಕರಾರು ಬೇರೆ. ಕೆತ್ತುವ ಮೊದಲು ಯಾರೂ ಇದನ್ನು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. 1998ರಲ್ಲಿ ನನ್ನ ಕೆಳದವಡೆಯ ಒಂದು ಹಲ್ಲು ಹೋಗಿತ್ತು. ಬ್ರಿಜ್ ಹಾಕೋಣ ಎಂದರು, ಎಷ್ಟಾಗುತ್ತದೆ ಎಂದು ಕೇಳಿದೆ, ಇನ್ನೂರು ರೂಪಾಯಿ ಚೌಕಾಸಿ ಮಾಡಿ ಗೆದ್ದ ಹೆಮ್ಮೆಯಲ್ಲಿ ಬಾಯಿ ತೆರೆದೆ. ಮೂರನೆಯ ದಿನ ಚಕ್ಕುಲಿ ತಿನ್ನುವಾಗ ತಾತ್ಕಾಲಿಕ ಕ್ಯಾಪ್ ಕಳಚಿತು. ಕನ್ನಡಿಯಲ್ಲಿ ನೋಡಿದರೆ ಅಕ್ಕಪಕ್ಕದ ಎರಡು ಹಲ್ಲುಗಳ ಜಾಗದಲ್ಲಿ ಎರಡು ಗೂಟಗಳು. ಅವುಗಳಲ್ಲೊಂದು ನಲವತ್ತು ವರ್ಷ ಕಬ್ಬು ಸಿಗಿದ, ಹುಳುಕಿನ ಚುಕ್ಕೆಯೂ ಇಲ್ಲದ ಹಲ್ಲು. ಏಳು ವರ್ಷಗಳ ನಂತರ ಅದರ ಒಳಗಿನ ಜೀವ ಸತ್ತು ಕೀವಾಯಿತು. ಕಡೆಗೆ ಅದನ್ನೂ ಕೀಳಿಸಬೇಕಾಯಿತು. ತೇಯ್ದದ್ದೇ ಕಾರಣವೆಂದು ಆಣೆ ಮಾಡಿ ಹೇಳಲಾರೆ. ಆದರೆ ತೇಯುವಾಗಿನ ಬಿಸಿ, ಒಳಜೀವಕ್ಕೆ ಹತ್ತಿರವಾಗುವ ಅಂಚು, ಇವುಗಳಿಂದ ಕೆಲವು ಹಲ್ಲುಗಳು ವರ್ಷಗಳಾದ ಮೇಲೂ ಹೀಗೆ ಸಾಯುತ್ತವೆಂಬುದು ವೈದ್ಯರಿಗೆ ಗೊತ್ತಿರುವ ವಿಷಯವೇ. ನನಗೆ ಮಾತ್ರ ಗೊತ್ತಿರಲಿಲ್ಲ.

2011ರಲ್ಲಿ ಮೇಲಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಆಯಿತು. ಅದರ ಒಂದು ಗೋಡೆ ಆಗಲೇ ಮುರಿದಿತ್ತು. ಆ ಸಲದ ವೈದ್ಯೆ, ನನ್ನ ಮಗಳ ವಯಸ್ಸಿನವರು, ಔಷಧಿ ಚೀಟಿಯ ಹಿಂದೆ ಚಿತ್ರ ಬರೆದು ಎಲ್ಲೆಲ್ಲಿ ಎಷ್ಟು ತೇಯುತ್ತೇನೆ, ಏಕೆ ತೇಯಲೇಬೇಕು ಎಂದು ವಿವರಿಸಿದರು. ಒಳಗೆ ಟೊಳ್ಳಾದ ಹಲ್ಲು ಅಗಿಯುವಾಗ ಸೀಳಿಹೋಗುತ್ತದೆ, ಅದನ್ನು ಸುತ್ತಲೂ ಹಿಡಿದಿಡಲು ಕ್ರೌನ್ ಬೇಕು ಎಂದರು. ಮನಸಾರೆ ಒಪ್ಪಿದೆ. ಈ ಹೊತ್ತಿಗೂ ಅದರಲ್ಲಿ ಹುರಿಗಡಲೆ ಅಗಿಯುತ್ತೇನೆ.

ಆದ್ದರಿಂದ ಕ್ರೌನ್ ಬೇಡವೆನ್ನುವವನು ನಾನಲ್ಲ. ಇಂಪ್ಲಾಂಟ್‌ಗೆ ಹಣವಿಲ್ಲದವರಿಗೆ ಬ್ರಿಜ್ ಈಗಲೂ ದಾರಿಯೇ. ಪಾವಗಡದ ಕಡೆಯಿಂದ ಬಂದಿದ್ದ ಒಬ್ಬ ಹುಡುಗನ ನೆನಪಾಗುತ್ತದೆ. ಫ್ಲೋರೈಡ್ ನೀರಿನಿಂದ ಕಂದುಗಟ್ಟಿದ ಹಲ್ಲುಗಳನ್ನು ಅಂಗೈಯಿಂದ ಮುಚ್ಚಿಕೊಳ್ಳದೆ ಅವನು ನಕ್ಕದ್ದನ್ನು ಮೂರು ವರ್ಷಗಳಲ್ಲಿ ನಾನು ಕಾಣಲಿಲ್ಲ. ಅವನು ಹಲ್ಲು ತೇಯಿಸಿಕೊಂಡಿದ್ದರೆ ನಾನೇಕೆ ಬೇಡವೆನ್ನಲಿ? ಆದರೆ ಇಪ್ಪತ್ತಾರರ ಹುಡುಗಿಯ ನಾಲ್ಕು ಗಟ್ಟಿ ಹಲ್ಲುಗಳನ್ನು ಛಾಯಾಚಿತ್ರಗಳ ಸಲುವಾಗಿ ಗೂಟ ಮಾಡುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಯಾವ ಕ್ರೌನ್ ಕೂಡ ಒಂದು ಆಯುಷ್ಯಪೂರ್ತಿ ಬಾಳುವುದಿಲ್ಲ. ಬದಲಿಸುವಾಗಲೆಲ್ಲ ಉಳಿದದ್ದರಲ್ಲೇ ಇನ್ನಷ್ಟು ಹೋಗಬಹುದು. ಓರೆಗೆ ತಂತಿಯಿದೆ, ಹಳದಿಗೆ ಬಿಳುಪುಗೊಳಿಸುವ ಕ್ರಮವಿದೆ. ತಂತಿಗೆ ತಿಂಗಳುಗಳು ಹಿಡಿಯುತ್ತವೆ, ಮುಹೂರ್ತ ಕಾಯುವುದಿಲ್ಲ, ನಿಜ. ತುಸು ಓರೆ ಹಲ್ಲಿನ ಮದುಮಗಳನ್ನು ಕಂಡು ಯಾವ ಬೀಗರೂ ಊಟ ಬಿಟ್ಟು ಎದ್ದದ್ದನ್ನು ನಾನು ನೋಡಿಲ್ಲ. ನನ್ನ ತಂಗಿಗೇ ಓರೆ ಹಲ್ಲಿತ್ತು.

ನಿನ್ನೆ ಒಂದು ಹಾಳೆಯಲ್ಲಿ ಹಲ್ಲಿನ ಚಿತ್ರ ಬರೆದು, ಮಿಲಿಮೀಟರ್‌ಗಳನ್ನು ಗುರುತಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು ಅವಳಿಗೆ ಕಳುಹಿಸಿದ್ದೇನೆ. ನೋಡಿದ್ದಾಳೆ, ಉತ್ತರ ಬಂದಿಲ್ಲ. ಶನಿವಾರ ವೈದ್ಯರ ಬಳಿ ಹೋಗುವವಳಿದ್ದಾಳೆ.