ಗಡಿಯಲ್ಲಿ ಮೂಡಿದ ಹೊಸದನಿ

ಹೊಸಗನ್ನಡ ಕಾವ್ಯವೆಂದೊಡನೆ ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ (1926) ನೆನಪಾಗುವುದು ಸಹಜ. ಆದರೆ ಅದಕ್ಕೂ ಮುನ್ನ, 1911ರಲ್ಲಿಯೇ, ಮಂಜೇಶ್ವರದ ಗೋವಿಂದ ಪೈಗಳು ದ್ವಿತೀಯಾಕ್ಷರ ಪ್ರಾಸದ ಕಟ್ಟನ್ನು ತೊರೆದಿದ್ದರು. ಅವರ ಮನೆಮಾತು ಕೊಂಕಣಿ. ಸುತ್ತಣ ನುಡಿಗಳು ತುಳು, ಮಲಯಾಳ. 1949ರಲ್ಲಿ ಮದರಾಸು ಸರ್ಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು. 1956ರಲ್ಲಿ ಊರು ಕೇರಳಕ್ಕೆ ಸೇರಿತು. ಕಾವ್ಯ ಕನ್ನಡದ್ದಾಗಿಯೇ ಉಳಿಯಿತು.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುವ ಹಿಂದೂಪುರ, ಕಲ್ಯಾಣದುರ್ಗಗಳ ಮಕ್ಕಳು ಎರಡೂ ಕಡೆಗೆ ಸಲ್ಲದವರೆಂದು ಕೊರಗುವವರನ್ನು ನಾನು ಒಪ್ಪಲಾರೆ. ಅದೇ ಪ್ರಾಸನಿಯಮ, ಅದೇ ಕಂದಪದ್ಯ ತೆಲುಗಿನಲ್ಲಿಯೂ ಉಂಟು. ಎರಡು ನುಡಿಗಳ ಕಿವಿಯುಳ್ಳ ಮಗುವಿಗೆ ಕಾವ್ಯ ಬೇಗ ಒಲಿಯುತ್ತದೆ. ಪರೀಕ್ಷೆಗೆ ಪದ್ಯ ಬಾಯಿಪಾಠ ಮಾಡಿಸಿದರೆ ಸಾಲದು. ಸುವರ್ಣೋತ್ಸವದ ಕಾಣಿಕೆಯಾಗಿ, ವಾರಕ್ಕೊಂದು ಕಾವ್ಯವಾಚನದ ಅವಧಿಯನ್ನು ನಮ್ಮ ಶಾಲೆ ಆರಂಭಿಸಲಿ; ಹಳೆಯ ವಿದ್ಯಾರ್ಥಿಗಳಾದ ನಾವು ಸರದಿಯಂತೆ ಬಂದು ಓದೋಣ.