ಗಾಲಿಯ ಮನೆಗೊಂದು ನೆಲೆ

ಕ್ಯಾಲಿಫೋರ್ನಿಯಾದಲ್ಲಿ ನೆಲಸಿರುವ ನನ್ನ ಸೋದರಳಿಯನು, ಹಾಸಿಗೆ, ಒಲೆ, ಶೌಚಾಲಯಗಳೆಲ್ಲ ಒಳಗೇ ಅಡಕವಾಗಿರುವ, ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಪ್ರವಾಸದ ಟ್ರೈಲರೊಂದನ್ನು ಕೊಂಡು ತಂದ ದಿನವೇ, ಅದನ್ನು ನಿಲ್ಲಿಸಲು ತನಗೆ ಸ್ಥಳವಿಲ್ಲವೆಂಬುದನ್ನು ಕಂಡುಕೊಂಡನು. ಮನೆಯ ಮುಂದಿನ ಅಂಗಳ ಅವನದೇ ಆದರೂ ಬಡಾವಣೆಯ ಅಂದ ಕೆಡುವುದೆಂದು ನಿವಾಸಿಗಳ ಸಂಘದ ನಿಬಂಧನೆಗಳು ಅದಕ್ಕೆ ಒಪ್ಪವು. ಬೀದಿಯಲ್ಲಿ ಬಿಡೋಣವೆಂದರೆ, ಅಲ್ಲಿಯ ಅನೇಕ ನಗರಗಳಲ್ಲಿ 72 ಗಂಟೆ ಮೀರಿ ನಿಂತ ವಾಹನವನ್ನು ಎಳೆಸಿ ಒಯ್ಯುವ ಅಧಿಕಾರ ಪೊಲೀಸರಿಗುಂಟು. ಸ್ವಂತ ನೆಲದಲ್ಲಿ ಸ್ವಂತ ಸೊತ್ತನ್ನಿಡಲು ಅಪ್ಪಣೆ ಬೇಡುವ ಈ ವ್ಯವಸ್ಥೆ, ಸ್ವಾತಂತ್ರ್ಯವನ್ನೇ ಮಂತ್ರವಾಗಿ ಜಪಿಸುವ ನಾಡಿಗೆ ಎಷ್ಟು ಭೂಷಣವೋ ನಾನರಿಯೆ.

ಆದರೆ ನೆರೆಯವರ ಸೌಂದರ್ಯಪ್ರಜ್ಞೆಗಿಂತ ಕಳ್ಳರ ಸೌಕರ್ಯವೇ ಇಲ್ಲಿ ಹೆಚ್ಚು ಚಿಂತನೀಯ. ಸ್ವಂತ ಎಂಜಿನ್ನಿಲ್ಲದ ಈ ಬಂಡಿಗೆ ಬೀಗದ ಕೈಯ ಹಂಗೇ ಇಲ್ಲವಾದುದರಿಂದ, ಕೊಕ್ಕೆಯುಳ್ಳ ಟ್ರಕ್ಕೊಂದನ್ನು ತಂದವನು, ಎತ್ತಿನ ಕೊರಳಿಗೆ ನೊಗವಿಟ್ಟಷ್ಟು ಸುಲಭವಾಗಿ ಅದನ್ನು ಹೊಡೆದುಕೊಂಡು ಹೋಗಬಲ್ಲನು. ಕೊಂಡಿಗೊಂದು, ಗಾಲಿಗೊಂದು ಬೀಗ ಅವಶ್ಯವೇ. ಆದರೂ, ಮನೆಯಲ್ಲಿಯೂ ಬೀದಿಯಲ್ಲಿಯೂ ಎಡೆಯಿಲ್ಲದವನು ಬಾಡಿಗೆಯ ನಿಲುಗಡೆ ಅಂಗಳವನ್ನು ಆರಿಸುವಾಗ, ಕ್ಯಾಮೆರಾಗಳನ್ನು ಎಣಿಸುವುದಕ್ಕಿಂತ, ರಾತ್ರಿಯಲ್ಲಿ ಅಲ್ಲಿಯೇ ಇರುವ ಕಾವಲುಗಾರನುಂಟೇ ಎಂದು ವಿಚಾರಿಸುವುದು ಲೇಸೆಂದು ನನ್ನ ಮತ. ಸೋದರಳಿಯನಿಗೆ ಅಂತಹ ಅಂಗಳ ದೊರೆತುದು ಮನೆಯಿಂದ 40 ಮೈಲಿ ದೂರದಲ್ಲಿ. ಸದ್ಯಕ್ಕೆ ಟ್ರೈಲರನ್ನು ನೋಡಿಬರುವುದೇ ಅವನ ಪ್ರವಾಸ.