ರಂಬುಟಾನ್ ಸಸಿ ಅಂಗಡಿಯಲ್ಲುಂಟು, ತವರಿನ ಮಾವು ಎಲ್ಲಿ ಸಿಕ್ಕೀತು?

ಮಳೆ ಹಿಡಿಯುತ್ತಿದ್ದಂತೆ ಉಡುಪಿಯ ಹಣ್ಣಿನಂಗಡಿಗಳ ಎದುರು ಕೆಂಪು ಕೂದಲಿನ ರಂಬುಟಾನ್ ರಾಶಿ ಬೀಳುತ್ತದೆ. ಮಕ್ಕಳು ಹಟ ಹಿಡಿಯುತ್ತಾರೆ, ನೀವು ಅರ್ಧ ಕಿಲೋ ತರುತ್ತೀರಿ. ತಿಂದು ಮುಗಿದ ಮೇಲೆ ತಟ್ಟೆಯಲ್ಲಿ ಉಳಿದ ಬೀಜಗಳನ್ನು ಕಸದ ಬುಟ್ಟಿಗೆ ಹಾಕಲು ಮನಸ್ಸು ಬರುವುದಿಲ್ಲ. ‘ಹುಟ್ಟಿದರೆ ಹುಟ್ಟಲಿ’ ಅಂತ ನಾಲ್ಕು ಬೀಜ ಹೂವಿನ ಚಟ್ಟಿಗೆ ಸೇರುತ್ತವೆ. ನಿಮ್ಮ ಮನೆಯಲ್ಲೂ ಹೀಗೇ ತಾನೆ? ಬೀಜ ಬಿಸಾಡುವುದೆಂದರೆ ನಮಗೆಲ್ಲ ಅನ್ನ ಚೆಲ್ಲಿದ ಹಾಗೆ. ಒಳ್ಳೆಯ ಗುಣವೇ, ಬಿಡುವುದು ಬೇಡ. ಆದರೆ ಯಾವ ಬೀಜಕ್ಕೆ ಜಾಗ ಕೊಡಬೇಕು ಅನ್ನುವುದರಲ್ಲಿ ಸ್ವಲ್ಪ ಯೋಚನೆ ಬೇಕು. ಬೀಜ ಮೊಳೆಯುವುದು ಹದಿನೈದಿಪ್ಪತ್ತು ದಿನದಲ್ಲಿ. ಆ ಮರದ ಹಣ್ಣು ಬಾಯಿಗೆ ಬೀಳುವಷ್ಟರಲ್ಲಿ ಒಂದನೇ ಕ್ಲಾಸಿನ ಮಗಳು ಪಿಯುಸಿಗೆ ಬಂದಿರುತ್ತಾಳೆ!

ನನ್ನ ಅಭಿಪ್ರಾಯ ಇಷ್ಟೇ. ಅಂಗಡಿಯಲ್ಲಿ ಸಿಗುವ ಅಪರೂಪದ ಹಣ್ಣಿಗೆ ನರ್ಸರಿಯಿಂದ ಕಸಿ ಗಿಡ ತನ್ನಿ. ಬೀಜದಿಂದ ಬೆಳೆಸುವ ಕಷ್ಟ ಪಡುವುದೇ ಆದರೆ ದುಡ್ಡು ಕೊಟ್ಟರೂ ಸಿಗದ ಹಣ್ಣಿಗೆ ಪಡಿ.

ಮೊದಲು ರಂಬುಟಾನ್ ವಿಷಯವನ್ನೇ ಮುಗಿಸೋಣ. ಪಪ್ಪಾಯಿ ಬೀಜ ಹಾಕಿ ಗಂಡು ಗಿಡ ಬಂದು ಪೆಚ್ಚಾದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಲ್ಲಾದರೆ ಕೆಲವೇ ತಿಂಗಳಲ್ಲಿ ಗುಟ್ಟು ರಟ್ಟಾಗುತ್ತದೆ, ಕಡಿದು ಹಾಕಿದರೂ ಬೇಸರವಿಲ್ಲ. ರಂಬುಟಾನ್‌ನದ್ದೂ ಇದೇ ಕಥೆ. ಬೀಜದಿಂದ ಹುಟ್ಟಿದ ಗಿಡಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಂಡು. ಮೊದಲ ಹೂ ಬಿಡುವವರೆಗೆ, ಅಂದರೆ ಐದಾರು ವರ್ಷ, ಅದು ಯಾವುದು ಅಂತ ಯಾರಿಂದಲೂ ಹೇಳಲು ಸಾಧ್ಯವಿಲ್ಲ. ಹತ್ತು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ಕಾರ್ ಶೆಡ್ ಕಳೆದು ಉಳಿದಿರುವ ಒಂದೇ ಒಂದು ಮೂಲೆಯನ್ನು ಇಂಥ ಜೂಜಿಗೆ ಕೊಡುತ್ತೀರಾ? ಕೊಡಗಿನ ಚೆಟ್ಟಳ್ಳಿಯಲ್ಲಿರುವ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ‘ಅರ್ಕಾ ಕೂರ್ಗ್ ಅರುಣ್’ ಅನ್ನುವ ರಂಬುಟಾನ್ ತಳಿಯನ್ನೇ ಬಿಡುಗಡೆ ಮಾಡಿದ್ದಾರೆ. ಈಗ ನಮ್ಮ ಕಡೆಯ ನರ್ಸರಿಗಳಲ್ಲೂ ರಂಬುಟಾನ್ ಕಸಿ ಗಿಡ ಸಿಗುತ್ತದೆ. ಅದನ್ನು ತಂದು ನೆಟ್ಟು ಮೂರ್ನಾಲ್ಕು ವರ್ಷದಲ್ಲಿ ಹಣ್ಣು ತಿನ್ನಿ, ಯಾರು ಬೇಡ ಅಂದವರು?

ಮ್ಯಾಂಗೋಸ್ಟೀನ್ ಸ್ವಲ್ಪ ವಿಚಿತ್ರ. ಅದು ನಮ್ಮ ಪುನರ್ಪುಳಿಯ ದಾಯಾದಿ. ಆದರೆ ಅದರಲ್ಲಿ ಗಂಡಿನ ಗೊಡವೆಯೇ ಇಲ್ಲ. ಪರಾಗದ ಹಂಗಿಲ್ಲದೆ ತಾಯಿಮರದ ಅಂಗಾಂಶದಿಂದಲೇ ಬೀಜ ಕಟ್ಟುವುದರಿಂದ ಹುಟ್ಟುವ ಗಿಡ ತಾಯಿಯ ಪಡಿಯಚ್ಚು. ಹಾಗಾಗಿ ಬೀಜದಿಂದ ಧೈರ್ಯವಾಗಿ ಮಾಡಬಹುದು. ಆದರೆ ಬೆಳವಣಿಗೆ ಆಮೆಯ ನಡಿಗೆ. ಎಳವೆಯಲ್ಲಿ ನೆರಳು ಬೇಕು, ಹಣ್ಣಿಗೆ ಎಂಟು ಹತ್ತು ವರ್ಷ ಕಾಯಬೇಕು. ಕಾರ್ಕಳದ ಕಡೆ ಅಡಿಕೆ ತೋಟ ಇರುವವರು ಮಾಡಲಿ. ಪುನರ್ಪುಳಿಯಲ್ಲಿ ಮತ್ತೆ ಗಂಡು ಹೆಣ್ಣಿನ ತಕರಾರು ಉಂಟು. ಹತ್ತು ಬೀಜ ಹುಟ್ಟಿದರೆ ಸುಮಾರು ಐದು ಗಂಡು. ಸಾರಿಗೂ ಶರಬತ್ತಿಗೂ ಒಂದು ಮರ ಸಾಕು ಅನ್ನುವವರು ಹೆಣ್ಣು ಮರದ ಕಸಿ ಗಿಡ ತರುವುದೇ ಮೇಲು.

ಇನ್ನೊಂದು ಮುಖ್ಯ ಮಾತು. ನಾವು ಅಮ್ಮಂದಿರಿಂದ ಕಲಿತದ್ದು ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಬಿಸಿಲಿಗೆ ಒಣಗಿಸಿ, ಮುಂದಿನ ವರ್ಷಕ್ಕೆ ಕಟ್ಟಿಡುವುದು. ಸೌತೆ, ಬೆಂಡೆ, ಹೀರೆಗೆ ಅದು ಸರಿ. ಮಳೆಕಾಡಿನ ಹಣ್ಣುಗಳಿಗೆ ಹಾಗೆ ಮಾಡಿದರೆ ಬೀಜವನ್ನು ಕೈಯಾರೆ ಕೊಂದ ಹಾಗೆ. ವರ್ಷವಿಡೀ ಒದ್ದೆಯಿರುವ ಕಾಡಿನಲ್ಲಿ ಬೀಜಕ್ಕೆ ಕಾಯುವ ಅಭ್ಯಾಸವೇ ಇಲ್ಲ. ಬಿದ್ದ ಕೂಡಲೇ ಮೊಳೆಯಬೇಕು, ಒಣಗಿದರೆ ಮುಗಿಯಿತು. ರಂಬುಟಾನ್, ಮ್ಯಾಂಗೋಸ್ಟೀನ್, ಡ್ಯೂರಿಯನ್ ಬೀಜಗಳಿಗೆ ಕೆಲವೇ ದಿನಗಳ ಆಯುಷ್ಯ. ಹಲಸು, ಮಾವು ತೇವದಲ್ಲಿಟ್ಟರೆ ಹೆಚ್ಚೆಂದರೆ ತಿಂಗಳು. ಫ್ರಿಜ್ಜಿನಲ್ಲಿ ಇಡಲೇಬೇಡಿ, ಚಳಿಗೂ ಸಾಯುತ್ತವೆ. ಹಣ್ಣು ತಿಂದ ದಿನವೇ ಲೋಳೆ ಹೋಗುವಂತೆ ಚೆನ್ನಾಗಿ ತೊಳೆದು, ಮಣ್ಣು, ಮರಳು, ಹಟ್ಟಿಗೊಬ್ಬರ ಬೆರೆಸಿದ ತೊಟ್ಟೆಗೆ ಒಂದಿಂಚು ಆಳಕ್ಕೆ ಹಾಕಿ, ನೆರಳಲ್ಲಿಡಿ. ಹಾಲಿನ ತೊಟ್ಟೆಗೆ ಅಡಿಯಲ್ಲಿ ನಾಲ್ಕು ತೂತು ಮಾಡಿದರೆ ಅದೇ ಸಾಕು, ಹೊಸತು ಕೊಳ್ಳಬೇಡಿ.

ಇಷ್ಟು ತಿಳಿದ ಮೇಲೆ ಆನ್‌ಲೈನಿನಲ್ಲಿ ‘ಅಪರೂಪದ ಹಣ್ಣಿನ ಬೀಜ’ ಅಂತ ಮಾರುವ ಒಣ ಪೊಟ್ಟಣಗಳ ಬಗ್ಗೆ ನಾನು ಹೇಳಬೇಕೇ? ಒಣಗಿದ ರಂಬುಟಾನ್ ಬೀಜ ಪೊಟ್ಟಣದಲ್ಲಿ ಬಂತು ಅಂದರೆ ಬಂದದ್ದು ಹೆಣ. ಮಲೇಷ್ಯಾಕ್ಕೆ ಹೋದ ನಾದಿನಿ ಸೀರೆಯ ಮಡಿಕೆಯೊಳಗೆ ಬೀಜ ಸುತ್ತಿ ತರುವುದೂ ಬೇಡ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಹೊರದೇಶದ ಬೀಜ, ಸಸಿ ತರಲು ಪರವಾನಗಿ, ಪ್ರಮಾಣಪತ್ರ ಎಲ್ಲ ಬೇಕು. ಒಂದು ಗಿಡದ ಆಸೆಗೆ ಊರಿಗಿಲ್ಲದ ರೋಗವನ್ನು ವಿಮಾನದಲ್ಲಿ ಕರೆತಂದರೆ ಕಷ್ಟ ಯಾರಿಗೆ?

ಎಲ್ಲ ಹಣ್ಣಿಗೂ ಬೀಜ ಇರುತ್ತದೆ ಅಂತಲೂ ಇಲ್ಲ. ನಮ್ಮ ಜೀಗುಜ್ಜೆಯನ್ನೇ ನೋಡಿ. ಪೋಡಿ ಮಾಡಲು ಎಷ್ಟು ಹೆಚ್ಚಿದರೂ ಒಂದು ಬೀಜ ಸಿಕ್ಕುವುದಿಲ್ಲ, ಬೇರಿನಿಂದ ಎದ್ದ ಮರಿಯನ್ನೇ ತರಬೇಕು. ಇದರಿಂದ ಒಂದು ಹಡಗೇ ಹಾಳಾಯಿತು ಅಂದರೆ ನಂಬುತ್ತೀರಾ? ತಾಹಿತಿ ದ್ವೀಪದಿಂದ ವೆಸ್ಟ್ ಇಂಡೀಸಿಗೆ ಜೀಗುಜ್ಜೆ ಒಯ್ಯಲು ಇಂಗ್ಲಿಷರಿಗೆ ಜೀವಂತ ಸಸಿಗಳನ್ನೇ ಹಡಗಿಗೆ ತುಂಬಬೇಕಾಯಿತು. ಸಸಿ ಸಿದ್ಧವಾಗುವವರೆಗೆ ತಿಂಗಳುಗಟ್ಟಲೆ ದ್ವೀಪದಲ್ಲಿ ಸುಖವಾಗಿದ್ದ ನಾವಿಕರು ಹಿಂತಿರುಗುವಾಗ, 1789ರಲ್ಲಿ, ‘ಬೌಂಟಿ’ ಹಡಗಿನಲ್ಲಿ ದಂಗೆ ಎದ್ದು ಕ್ಯಾಪ್ಟನ್ ಬ್ಲೈನನ್ನು ದೋಣಿಯಲ್ಲಿ ಬಿಟ್ಟು ಸಾವಿರಕ್ಕೂ ಮಿಕ್ಕಿದ ಸಸಿಗಳನ್ನು ಸಮುದ್ರಕ್ಕೆ ಎಸೆದರು. ನಮಗೆ ಪುಣ್ಯಕ್ಕೆ ಪಕ್ಕದ ಮನೆಯ ಅಕ್ಕನನ್ನು ಕೇಳಿದರೆ ಒಂದು ಮರಿ ಸಿಗುತ್ತದೆ.

ಸರಿ, ದುಡ್ಡು ಕೊಟ್ಟರೂ ಸಿಗದ ಹಣ್ಣು ಯಾವುದು? ನಿಮ್ಮ ತವರುಮನೆಯದ್ದು. ನೀವೇ ನೆನಪು ಮಾಡಿಕೊಳ್ಳಿ. ಬಾವಿಕಟ್ಟೆ ಮಾವು, ಹಟ್ಟಿ ಹಿಂದಿನ ಮಾವು, ಗದ್ದೆ ಬದಿಯ ಬಕ್ಕೆ ಹಲಸು. ಇವಕ್ಕೆ ತಳಿಯ ಹೆಸರಿಲ್ಲ, ಬರೀ ವಿಳಾಸ. ಒಂದು ಮರದ ಮಿಡಿ ಉಪ್ಪಿನಕಾಯಿಗೇ ಹೇಳಿ ಮಾಡಿಸಿದ್ದು, ವರ್ಷ ಕಳೆದರೂ ಮೆತ್ತಗಾಗದು. ಇನ್ನೊಂದರ ಹಣ್ಣು ಸಾಸಿವೆಗೆ, ಮತ್ತೊಂದರ ರಸ ಮಾಂಬಳಕ್ಕೆ. ಕಾಟು ಮಾವಿನ ಹಣ್ಣಿನ ಗೊಜ್ಜಿಗೆ ಅಂಗಡಿಯ ಆಪೂಸು ಹಾಕಿ ನೋಡಿ, ಪಾಯಸದ ಹಾಗೆ ಆಗುತ್ತದೆ. ಯಾವ ಮರದ್ದು ಯಾವುದಕ್ಕೆ ಅನ್ನುವುದು ಮನೆಯ ಹೆಂಗಸರಿಗೆ ಮಾತ್ರ ಗೊತ್ತಿದ್ದ ವಿದ್ಯೆ. ಕೃಷಿ ಪುಸ್ತಕದಲ್ಲಿ ಅದಿಲ್ಲ.

ಆ ಮರಗಳು ಈಗ ಒಂದೊಂದಾಗಿ ಹೋಗುತ್ತಿವೆ. ಹೆದ್ದಾರಿ ಚತುಷ್ಪಥ ಆಗುವಾಗ ಕಾಪು, ಉಡುಪಿಯ ರಸ್ತೆ ಬದಿಯಲ್ಲಿ ಎಷ್ಟು ಮರ ಉರುಳಿತು ಅಂತ ನೀವೂ ಬಸ್ಸಿನಿಂದ ನೋಡಿದ್ದೀರಿ. ಅದಕ್ಕಿಂತ ಹೆಚ್ಚು ಹೋಗುತ್ತಿರುವುದು ಸದ್ದಿಲ್ಲದೆ, ಹಿತ್ತಿಲುಗಳಲ್ಲಿ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಮನೆ ಪಾಲಾಗುತ್ತದೆ. ಅಣ್ಣ ಮುಂಬಯಿಯಲ್ಲಿ, ತಮ್ಮ ದುಬೈಯಲ್ಲಿ. ಜಾಗ ಬಿಲ್ಡರಿಗೆ ಹೋಗುತ್ತದೆ. ನಿಮಗೆ ಸುದ್ದಿ ಮುಟ್ಟುವಾಗ ಮರ ಮಿಲ್ಲಿಗೆ ಸೇರಿರುತ್ತದೆ. ಮಣಿಪಾಲದಲ್ಲಿರುವ ಪರಿಚಯದವರೊಬ್ಬರು ಹೇಳುತ್ತಿದ್ದರು, ‘ಮನೆ ಹೋದದ್ದಕ್ಕೆ ಅಷ್ಟು ಸಂಕಟ ಆಗ್ಲಿಲ್ಲ ಮಾರಾಯ್ತಿ, ಆ ಮಾವಿನ ಮಿಡಿ ಇನ್ನು ಸಿಕ್ಕುದಿಲ್ಲ ಅಂತ ಗೊತ್ತಾದಾಗ ಕಣ್ಣಲ್ಲಿ ನೀರು ಬಂತು’ ಅಂತ. ಇದು ಬರೀ ನಾಲಿಗೆಯ ಚಪಲ ಅಂತ ನಗುವ ಗಂಡಸರಿದ್ದರೆ ನಗಲಿ ಬಿಡಿ.

2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂದು ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಅಂತ ಆಯಿತು. ಪಾಲುಪಟ್ಟಿಯಲ್ಲಿ ಸೆಂಟ್ಸ್ ಲೆಕ್ಕ ಇರುತ್ತದೆ, ಮನೆಯ ಕಂಚಿನ ಪಾತ್ರೆಯ ಲೆಕ್ಕವೂ ಇರುತ್ತದೆ. ಮರದ ಮಾತೆತ್ತುವುದು ಯಾರಿಗೂ ಹೊಳೆಯುವುದಿಲ್ಲ. ಪಾಲು ತೆಗೆದುಕೊಳ್ಳುವುದು, ಬಿಟ್ಟುಕೊಡುವುದು ನಿಮಗೆ ಬಿಟ್ಟ ವಿಚಾರ. ಆದರೆ ಹತ್ತು ಗೊರಟು, ನಾಲ್ಕು ಕೊಂಬೆ ತುದಿ ಕೇಳುವುದಕ್ಕೆ ವಕೀಲರು ಬೇಡ. ‘ಅಣ್ಣ, ಮರ ಕಡಿಯುವ ಮೊದಲು ನನಗೊಂದು ಫೋನ್ ಮಾಡು’ ಅಂದರೆ ಯಾವ ಅಣ್ಣನೂ ಇಲ್ಲ ಅನ್ನುವುದಿಲ್ಲ.

ಗೊರಟಿನ ಜೊತೆ ಕೊಂಬೆ ಯಾಕೆ? ಮಾವಿನ ಹೂವಿಗೆ ಪರಾಗ ಪಕ್ಕದ ಮರದಿಂದಲೂ ಬರುತ್ತದೆ. ಮಗಳು ಅಮ್ಮನ ಹಾಗೇ ಇರಬೇಕೆಂದಿಲ್ಲವಲ್ಲ, ಹಾಗೆ. ಬಕ್ಕೆ ಹಲಸಿನ ಬೀಜ ನೆಟ್ಟು ತುಳುವೆ ಬಂದ ಮನೆಗಳು ಬೇಕಾದಷ್ಟಿವೆ. ಇದಕ್ಕೆ ಅಪವಾದವೂ ಉಂಟು. ನಮ್ಮ ಕರಾವಳಿಯ ನೆಕ್ಕರೆ, ಬಪ್ಪಕಾಯಿಯಂಥ ಕೆಲವು ಮಾವುಗಳ ಒಂದೇ ಗೊರಟಿನಿಂದ ಎರಡು ಮೂರು ಮೊಳಕೆ ಏಳುತ್ತದೆ. ಅದರಲ್ಲಿ ಗಟ್ಟಿಯಾಗಿ ಬೆಳೆಯುವವು ಸಾಮಾನ್ಯವಾಗಿ ತಾಯಿಮರದ ಪಡಿಯಚ್ಚು. ನಿಮ್ಮ ಗೊರಟಿನಲ್ಲೂ ಹೀಗೆ ಮೊಳಕೆ ಬಂದರೆ ತೀರಾ ಬಡಕಲಾದದ್ದನ್ನು ಕಿತ್ತು ಉಳಿದದ್ದನ್ನು ಬೆಳೆಸಿ. ಒಂದೇ ಮೊಳಕೆ ಬಂದರೆ ಅದರ ಮೇಲೆ ತಾಯಿಮರದ ಕೊಂಬೆಯನ್ನೇ ಕಸಿ ಕಟ್ಟಬೇಕು. ಆಗ ಹಣ್ಣು ಅದೇ, ಕಾಯುವುದೂ ಮೂರ್ನಾಲ್ಕೇ ವರ್ಷ.

ಕಸಿ ಅಂದ ಕೂಡಲೇ ಹೆದರಬೇಡಿ. ಹೂವು ಕಟ್ಟುವ ಬೆರಳಿಗೆ ಇದು ದೊಡ್ಡ ಕೆಲಸವಲ್ಲ. ಕೊಂಕಣ ಕರಾವಳಿಯಲ್ಲಿ ಬಳಕೆಯಲ್ಲಿರುವ ಗೊರಟು ಕಸಿಗೆ ನಮ್ಮ ಜೂನ್, ಜುಲೈ ತಿಂಗಳ ಒದ್ದೆ ಹವೆಯೇ ಬೇಕು. ತಿಂದ ಗೊರಟಿನ ಮೇಲಿನ ಗಟ್ಟಿ ಚಿಪ್ಪನ್ನು ಜೋಪಾನವಾಗಿ ಬಿಡಿಸಿ. ಒಳಗೆ ಹುಳು ಇದ್ದರೆ ಆಗಲೇ ಗೊತ್ತಾಗುತ್ತದೆ, ಮೊಳಕೆಯೂ ಬೇಗ. ಉಬ್ಬಿದ ಭಾಗ ಮೇಲೆ ಬರುವಂತೆ ಹೂಳಿ. ಬುಡದ ಗಿಡ ಯಾವ ಮಾವಿನದ್ದಾದರೂ ಆದೀತು, ತವರಿನ ಗೊರಟು ಸಿಕ್ಕದಿದ್ದರೆ ಜ್ಯೂಸಿನ ಅಂಗಡಿಯದ್ದೂ ನಡೆಯುತ್ತದೆ. ಮೊಳಕೆ ಕಂಡ ದಿನವೇ ತವರಿಗೆ ಫೋನ್ ಮಾಡಿ. ಮೂರ್ನಾಲ್ಕು ತಿಂಗಳು ಬಲಿತ, ಹೊಸ ಚಿಗುರು ಬರದಿರುವ ಕೊಂಬೆ ತುದಿಗಳನ್ನು ಆರಿಸಿ, ತೊಟ್ಟು ಮಾತ್ರ ಉಳಿಸಿ ಎಲೆ ಕತ್ತರಿಸಿಬಿಡಲು ಹೇಳಿ. ಮರ ದೊಡ್ಡದಾದರೆ ತೆಂಗಿನಕಾಯಿ ಕೊಯ್ಯುವವರಿಗೆ ಹೇಳಿದರಾಯಿತು. ಎಂಟು ಹತ್ತು ದಿನದಲ್ಲಿ ಆ ತುದಿಯ ಮೊಗ್ಗು ಉಬ್ಬಿಕೊಳ್ಳುತ್ತದೆ. ಅಷ್ಟರಲ್ಲಿ ನಿಮ್ಮ ಸಸಿಯೂ ಇನ್ನೂ ತಾಮ್ರದ ಬಣ್ಣದ ಎಲೆಯಲ್ಲೇ ಇರುತ್ತದೆ. ಎರಡೂ ಕೂಡಿಬಂತು.

ಕೊಂಬೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ಕಿನೊಳಗೆ ಹಾಕಿ ತಂದರೆ ಎರಡು ದಿನ ಹಾಳಾಗದು. ಸಸಿಯನ್ನು ಗೊರಟಿನಿಂದ ಎರಡಿಂಚು ಮೇಲೆ ಕತ್ತರಿಸಿ, ನಡುವೆ ಸೀಳಿ. ಅಷ್ಟೇ ದಪ್ಪದ ಕೊಂಬೆಯ ಬುಡವನ್ನು ಹರಿತವಾದ ಬ್ಲೇಡಿನಿಂದ ಎರಡೂ ಕಡೆ ಓರೆಯಾಗಿ ಕೆತ್ತಿ ಸೀಳಿನಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ. ಮೇಲಿನಿಂದ ಐಸ್‌ಕ್ಯಾಂಡಿ ತೊಟ್ಟೆ ಮುಚ್ಚಿ, ಮಳೆನೀರು ನೇರ ಬೀಳದ ನೆರಳಿನಲ್ಲಿಡಿ. ಎರಡು ಮೂರು ವಾರದಲ್ಲಿ ಮೊಗ್ಗು ಒಡೆದರೆ ಹಿಡಿಯಿತು ಅಂತ ಅರ್ಥ, ತೊಟ್ಟೆ ತೆಗೆಯಬಹುದು. ಸಸಿ ಕಡೆಯಿಂದ, ಅಂದರೆ ಕಟ್ಟಿನ ಕೆಳಗಿನಿಂದ, ಚಿಗುರು ಬಂದರೆ ಚಿವುಟಿ ಹಾಕಿ. ಕಣ್ಣಾರೆ ನೋಡಿ ಕಲಿಯಬೇಕು ಅನ್ನುವವರು ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದಲ್ಲಿ ಕಸಿ ತರಬೇತಿ ಯಾವಾಗ ಅಂತ ವಿಚಾರಿಸಿ. ನಾಲ್ಕು ಜನ ಗೆಳತಿಯರು ಸೇರಿ ಹೋಗುವುದು ಒಳ್ಳೆಯದು, ಬಸ್ಸಿನಲ್ಲಿ ಮಾತಾಡಿಕೊಂಡು ಹೋಗಬಹುದು.

‘ನಮ್ಮದು ಮೂರನೇ ಮಹಡಿ, ಮಾವು ಎಲ್ಲಿ ನೆಡೋಣ?’ ಅಂತೀರಾ? ಬಾಲ್ಕನಿಯಲ್ಲಿ ಮಾವು, ಹಲಸು ಹಣ್ಣು ಕೊಡುತ್ತದೆ ಅಂತ ನಾನು ಆಸೆ ಹುಟ್ಟಿಸುವುದಿಲ್ಲ. ಆದರೆ ಕಸಿ ಮಾಡಿ ಒಂದು ವರ್ಷ ಸಾಕುವುದಕ್ಕೆ ಬಾಲ್ಕನಿ ಧಾರಾಳ ಸಾಕು. ಆಮೇಲೆ ಜಾಗ ಇರುವ ಮೈದುನನ ಮನೆ, ಮಕ್ಕಳು ಹೋಗುವ ಶಾಲೆಯ ಮೈದಾನದ ಬದಿ, ಊರಿನ ದೇವಸ್ಥಾನದ ಜಾಗ, ಎಲ್ಲಾದರೂ ಕೇಳಿ ನೆಡಬಹುದು. ಸ್ವಂತ ಹಿತ್ತಿಲು ಇರುವವರು ಬಾವಿಯಿಂದ, ಗೋಡೆಯಿಂದ, ಮುಖ್ಯವಾಗಿ ಪಕ್ಕದವರ ಕಂಪೌಂಡಿನಿಂದ ದೂರ ನೋಡಿ ನೆಡಿ. ಹಣ್ಣು ಆಚೆ ಬಿದ್ದರೆ ಯಾರೂ ಜಗಳಕ್ಕೆ ಬರುವುದಿಲ್ಲ, ಎಲೆ ಬಿದ್ದರೆ ಬರುತ್ತಾರೆ!

ಒಂದೇ ಕಸಿ ಕಟ್ಟಿ ಕೂರಬೇಡಿ, ಹತ್ತು ಕಟ್ಟಿ. ಮೊದಲ ಸಲ ಕೈ ಕೂರುವುದಿಲ್ಲ, ಮೂರು ನಾಲ್ಕು ಹಿಡಿದರೆ ದೊಡ್ಡದು. ಪ್ರತಿಯೊಂದಕ್ಕೂ ‘ಬಾವಿಕಟ್ಟೆ ಮರ’ ಅಂತ ಅಳಿಸದ ಶಾಯಿಯಲ್ಲಿ ಬರೆದು ಚೀಟಿ ಕಟ್ಟಿ, ಎರಡು ಮಳೆಗಾಲ ಕಳೆದ ಮೇಲೆ ಯಾವುದು ಯಾವುದೆಂದು ಮರೆತುಹೋಗುತ್ತದೆ. ಹಿಡಿದದ್ದರಲ್ಲಿ ಒಂದು ನಿಮಗೆ, ಒಂದು ಅಕ್ಕನಿಗೋ ತಂಗಿಗೋ. ಇನ್ನೊಂದು ಉಳಿದರೆ ಮರ ಕಡಿಸಿದ ಅಣ್ಣನಿಗೇ ಕೊಡಿ, ಅವರೂ ಅದೇ ಮರದ ಹಣ್ಣು ತಿಂದು ಬೆಳೆದವರಲ್ಲವೇ?